ನೂರಾ ಹನ್ನೆರಡನೇ ಪುಟದ ಪ್ರಣೀತ್

ನಾಗಮಂಗಲದ ಬಸ್ ನಿಲ್ದಾಣದ ಎದುರಿಗೆ, ಕೊಬ್ಬರಿ ಮಂಡಿಯ ಮೇಲಿನ ಮಹಡಿಯಲ್ಲಿ, ಶಿವಲಿಂಗಯ್ಯನವರು ಟೈಪಿಂಗ್ ಶಾಲೆ ನಡೆಸುತ್ತಿದ್ದರು. ಮೂವತ್ತೊಂದು ವರ್ಷ ಕೋರ್ಟಿನಲ್ಲಿ ಬೆರಳಚ್ಚುಗಾರರಾಗಿದ್ದು ನಿವೃತ್ತರಾದವರು. ಏಳು ಯಂತ್ರ, ಬೆಳಿಗ್ಗೆ ಸಂಜೆ ಎರಡು ಪಾಳಿ. ಹೆಂಡತಿ ತೀರಿಕೊಂಡ ಮೇಲೆ ಮನೆಯಲ್ಲಿ ಅವರು ಮತ್ತು ಮಗಳು ರಂಜಿತ ಇಬ್ಬರೇ. ರಂಜಿತ ಮೈಸೂರಿನಲ್ಲಿ ಬಿ.ಎ. ಮುಗಿಸಿ ಬಂದು ಅಪ್ಪನ ಶಾಲೆಯಲ್ಲೇ ಕನ್ನಡ ಟೈಪಿಂಗ್ ಹೇಳಿಕೊಡುತ್ತಿದ್ದಳು. ವಯಸ್ಸು ಇಪ್ಪತ್ತಾರು. ಹೆಣ್ಣು ನೋಡಲು ಬಂದವರ ಮುಂದೆ ಅವಳು ತಲೆ ತಗ್ಗಿಸಿ ಕೂರುವುದು ನಾಚಿಕೆಯಿಂದಲ್ಲ, ಸೆರಗಿನ ಕೆಳಗೆ ವಾರಪತ್ರಿಕೆ ಬಿಚ್ಚಿಟ್ಟುಕೊಂಡಿರುತ್ತಾಳೆ ಎಂದು ಶಾಲೆಯ ಹುಡುಗಿಯರು ಆಡಿಕೊಳ್ಳುತ್ತಿದ್ದರು. ಅದು ಪೂರ್ತಿ ಸುಳ್ಳೂ ಆಗಿರಲಿಲ್ಲ.

ತೊಂಬತ್ಮೂರರಲ್ಲಿ ಒಂದು ವಾರಪತ್ರಿಕೆಯಲ್ಲಿ ಬೆಂಗಳೂರಿನ ಹೆಸರಾಂತ ಲೇಖಕಿಯೊಬ್ಬರ ಧಾರಾವಾಹಿ ಬರುತ್ತಿತ್ತು. ನಾಯಕ ಡಾಕ್ಟರ್ ಪ್ರಣೀತ್, ಹೃದಯದ ಆಪರೇಷನ್ ಮಾಡುವವನು. ನಾಯಕಿ ಮೇಘಶ್ರೀ. ಇಪ್ಪತ್ತೊಂಬತ್ತು ವಾರ ಇಬ್ಬರೂ ಒಬ್ಬರಿಗೊಬ್ಬರು ಮನಸ್ಸು ಬಿಚ್ಚಿ ಹೇಳದೆ ಓದುಗರನ್ನು ಸತಾಯಿಸಿದರು. ಮೂವತ್ತನೇ ವಾರ ಪ್ರಣೀತ್ ಹೂಗುಚ್ಛ ಹಿಡಿದು ಕಾರಿನಲ್ಲಿ ಹೊರಟ. ಎದುರಿನಿಂದ ಸಿಮೆಂಟ್ ಲಾರಿ ಬಂತು. 'ಮುಗಿಯಿತು' ಎಂದು ಅಚ್ಚಾಗಿತ್ತು.

ರಂಜಿತ ಆ ದಿನ ಊಟ ಮಾಡಲಿಲ್ಲ. ಅಪ್ಪ ಯಾರು ಹೋದರು ಎಂದು ಕೇಳಿದ್ದಕ್ಕೆ, ಪರಿಚಯದವರು ಅಂದಳು. ಮೂರು ದಿನ ಕಳೆದ ಮೇಲೆ ಒಂದು ನೋಟ್‌ಬುಕ್ ತೆಗೆದು, ಲಾರಿ ಪಕ್ಕದ ಹಳ್ಳಕ್ಕೆ ಇಳಿದುಹೋಗುವಂತೆ ಮಾಡಿ, ಪ್ರಣೀತನಿಗೆ ಬರೀ ಮೊಣಕೈ ತರಚಿಸಿ, ಕತೆಯನ್ನು ಮುಂದಕ್ಕೆ ಬರೆಯತೊಡಗಿದಳು.

ಅದು ನೋಟ್‌ಬುಕ್ಕಿನಲ್ಲೇ ಉಳಿಯುತ್ತಿತ್ತೇನೋ. ಆದರೆ ಆ ವರ್ಷ ಶಾಲೆಯ ಮಕ್ಕಳ ವೇಗ ಬಹಳ ಕೆಟ್ಟಿತ್ತು. ಅಭ್ಯಾಸಕ್ಕೆಂದು ಶಿವಲಿಂಗಯ್ಯನವರು ಕೊಡುತ್ತಿದ್ದದ್ದು ಹಳೆಯ ಹರಾಜು ನೋಟೀಸುಗಳು, ಜಮೀನು ವ್ಯಾಜ್ಯದ ತೀರ್ಪುಗಳು. 'ಸದರಿ ಸ್ವತ್ತಿನ ಚೆಕ್ಕುಬಂದಿ' ಎಂಬಲ್ಲಿಗೆ ಬರುವಷ್ಟರಲ್ಲಿ ಅರ್ಧ ಮಕ್ಕಳು ತೂಕಡಿಸುತ್ತಿದ್ದರು. ಒಂದು ಸಂಜೆ ಅಪ್ಪ ಪಿಂಚಣಿ ಕಚೇರಿಗೆ ಹೋಗಿದ್ದಾಗ ರಂಜಿತ ನೋಟೀಸಿನ ಬದಲು ತನ್ನ ಕತೆಯ ಮೊದಲ ನಾಲ್ಕು ಪುಟ ಕೊಟ್ಟು ನೋಡಿದಳು. ನಿಮಿಷಕ್ಕೆ ಹದಿನೆಂಟು ಪದ ದಾಟದ ಚಿನ್ನು ಎಂಬ ಹುಡುಗಿ ಅಂದು ಮೂವತ್ತೊಂದು ಹೊಡೆದಳು. ಮುಂದೇನಾಯಿತು ಎಂದು ತಿಳಿಯುವ ಆತುರ ಅವಳ ಬೆರಳಿಗೆ ಇಳಿದಿತ್ತು.

ಅಲ್ಲಿಂದ ದಿನಕ್ಕೆ ನಾಲ್ಕು ಪುಟ. ಒಂದೊಂದು ಯಂತ್ರಕ್ಕೆ ಎರಡು ಕಾರ್ಬನ್ ಹಾಳೆ, ಅಂದರೆ ಏಳು ಯಂತ್ರಕ್ಕೆ ಇಪ್ಪತ್ತೊಂದು ಪ್ರತಿ. ಮೇಲಿನ ಪ್ರತಿ ತಿದ್ದಲು ಉಳಿಯುತ್ತಿತ್ತು, ನೀಲಿ ಮಸಿಯ ಪ್ರತಿಗಳು ಮಕ್ಕಳ ಚೀಲ ಸೇರುತ್ತಿದ್ದವು. ಚೀಲದಿಂದ ಅಕ್ಕನಿಗೆ, ಅಕ್ಕನಿಂದ ಅವಳ ಗಂಡನ ಮನೆಗೆ, ಅಲ್ಲಿಂದ ಬಸ್ಸು ಹತ್ತಿ ಕೆ.ಆರ್. ಪೇಟೆಗೆ, ಪಾಂಡವಪುರಕ್ಕೆ, ಶ್ರೀರಂಗಪಟ್ಟಣಕ್ಕೆ. ಬೆಳಗೊಳದ ಶಾಲೆಯ ಮೇಡಂ ಒಬ್ಬರು ಹದಿನಾಲ್ಕನೇ ಅಧ್ಯಾಯ ತಪ್ಪಿಹೋಗಿದೆ, ಯಾರಲ್ಲಾದರೂ ಇದ್ದರೆ ಕಳಿಸಿ ಎಂದು ಬಸ್ ಕಂಡಕ್ಟರ್ ಕೈಲಿ ಚೀಟಿ ಕೊಟ್ಟು ಕಳಿಸಿದ್ದರು. ಆ ಚೀಟಿ ಮೂರು ಬಸ್ಸು ಬದಲಾಯಿಸಿ ಕೊಬ್ಬರಿ ಮಂಡಿಯ ಮಹಡಿಗೆ ಬಂದು ಮುಟ್ಟಿತು.

ಶಿವಲಿಂಗಯ್ಯನವರಿಗೆ ವಿಷಯ ತಿಳಿದದ್ದು ತಪ್ಪು ತಿದ್ದುವಾಗ. ಅವರು ಅರ್ಥ ನೋಡುವವರಲ್ಲ, ಅಕ್ಷರ ನೋಡುವವರು. ಆದರೂ ಒಂದು ರಾತ್ರಿ ಕೆಂಪು ಮಸಿಯ ಪೆನ್ನು ಹಿಡಿದು ಕೂತವರು ಮಗಳನ್ನು ಕರೆದರು. ಅವಳು ಬೈಗುಳಕ್ಕೆ ಸಿದ್ಧಳಾಗಿಯೇ ಬಂದಳು.

"ಈ ಹುಡ್ಗಿ ಮೈಸೂರಲ್ಲಿ ಮೂರು ಗಂಟೆಗೆ ಅಳ್ತಾ ಕುಂತವ್ಳೆ," ಅಂದರು ಶಿವಲಿಂಗಯ್ಯ. "ನಾಕು ಗಂಟೆಗೆ ನಾಗಮಂಗಲ್ದಲ್ಲಿ ಇಳೀತಾಳೆ. ಯಾವ ಬಸ್ಸವ್ವ ಅದು?"

ರಂಜಿತ ತಡವರಿಸಿ, ಕಾರಲ್ಲಿ ಬಂದಳು ಅಂದಳು. ಹಾಗಾದರೆ ಹಾಗಂತ ಬರಿ ಎಂದು ಅವರು ಹಾಳೆ ವಾಪಸು ಕೊಟ್ಟರು. ಅಷ್ಟೇ. ಮಾರನೇ ದಿನದಿಂದ ಮೊದಲ ಓದು ಅವರದೇ ಆಯಿತು. ನಾಯಕಿ ಒಂದೇ ಅಧ್ಯಾಯದಲ್ಲಿ ಆರು ಸಲ ಮೂರ್ಛೆ ಹೋದದ್ದನ್ನು ಅವರು ಎರಡಕ್ಕೆ ಇಳಿಸಿದರು.

ತೊಂಬತ್ನಾಲ್ಕರ ಯುಗಾದಿ ಕಳೆದು ಒಂದು ಮಧ್ಯಾಹ್ನ, ಪಾಂಡವಪುರದಿಂದ ನಾಗರಾಜು ಎಂಬವನು ಮಹಡಿ ಹತ್ತಿ ಬಂದ. ಲಗ್ನಪತ್ರಿಕೆ, ಎಸ್ಸೆಸ್ಸೆಲ್ಸಿ ಗೈಡು, ಗೊಬ್ಬರದಂಗಡಿಯ ರಸೀದಿ ಪುಸ್ತಕ ಇವನ್ನೆಲ್ಲ ಅಚ್ಚು ಹಾಕುವ ಪ್ರೆಸ್ಸು ಅವನದು. ಕೈಯಲ್ಲಿ ಮಾಸಿದ ಕಾರ್ಬನ್ ಹಾಳೆಗಳ ಕಟ್ಟು. ಅವನ ಹೆಂಡತಿ ಎರಡು ದಿನ ಅಡುಗೆ ಮಾಡದೆ ಅದನ್ನು ಓದಿದ್ದಳಂತೆ. ಸಿಟ್ಟಿನಿಂದ ಕಿತ್ತುಕೊಂಡು ತಾನೂ ಓದಿ ಮೂರನೇ ದಿನ ಪ್ರೆಸ್ಸಿನ ಬಾಗಿಲು ತೆಗೆಯಲಿಲ್ಲವಂತೆ. ಒಂದೇ ಯಂತ್ರದಲ್ಲಿ ಹೊಡೆದ ಆ ಎಲ್ಲ ಹಾಳೆಗಳಲ್ಲೂ 'ಳ' ಅಕ್ಷರ ಒಂದು ಎಳೆ ಮೇಲಕ್ಕೆ ಜಿಗಿದು ಕೂತಿತ್ತು. ಆ 'ಳ'ವನ್ನೇ ಜಾಡು ಹಿಡಿದು ಮೂರು ತಾಲ್ಲೂಕಿನ ಟೈಪಿಂಗ್ ಶಾಲೆಗಳನ್ನು ಸುತ್ತಿ ಬಂದಿದ್ದ.

ಅವನು ಪುಸ್ತಕ ಮಾಡೋಣ ಅಂದ. ರಂಜಿತಳ ಕಿವಿ ಬಿಸಿಯಾಯಿತು. ಆದರೆ ಪ್ರಣೀತ್, ಮೇಘಶ್ರೀ ಇಬ್ಬರೂ ಲೇಖಕಿಯವರ ಸ್ವತ್ತು, ಹಾಗೇ ಹಾಕಿದರೆ ತನ್ನ ಪ್ರೆಸ್ಸಿಗೆ ಬೀಗ ಬೀಳುತ್ತದೆ ಎಂದೂ ಹೇಳಿದ. ಹೆಸರು ಬದಲಾಗಬೇಕು, ಕಸುಬು ಬದಲಾಗಬೇಕು, ಊರು ಬದಲಾಗಬೇಕು. ಯಾರೂ ಗುರುತು ಹಿಡಿಯಬಾರದು. ಕೋರ್ಟು ಕಂಡಿದ್ದ ಶಿವಲಿಂಗಯ್ಯನವರು ಹೌದೆಂದು ತಲೆಯಾಡಿಸಿದರು.

ಹೆಸರು ಬದಲಾಯಿಸುವುದು ಅಂದುಕೊಂಡಷ್ಟು ಸುಲಭವಾಗಲಿಲ್ಲ. ಸಂಜೆ ಪಾಳಿಯಲ್ಲಿ ರಂಜಿತ ಒಂದೊಂದೇ ಹೆಸರು ಹೇಳಿದಳು. ನಿಂಗರಾಜು ಅಂದರೆ ಚಿನ್ನು ಅದು ನಮ್ಮ ಸೋದರಮಾವ, ಮೂಗಲ್ಲಿ ಮಾತಾಡ್ತಾನೆ, ಬೇಡ ಅಂದಳು. ತಿಮ್ಮರಾಜು ಅಂದರೆ ಇನ್ನೊಬ್ಬಳಿಗೆ ತಮ್ಮನ ಹೆಸರು. ಕೊನೆಗೆ ಶಿವಲಿಂಗಯ್ಯನವರೇ ತೀರ್ಪು ಕೊಟ್ಟರು: ಇನ್ನೂರೈವತ್ತು ಪುಟ ಮತ್ತೆ ಹೊಡೆಯುವುದಿದೆ, ಒತ್ತಕ್ಷರ ಇರುವ ಹೆಸರಿಟ್ಟರೆ ಸಾವಿರ ಸಲ ಬೆರಳು ಎಡವುತ್ತದೆ, ಒತ್ತಿಲ್ಲದ ಹೆಸರು ಹುಡುಕಿ. ಹಾಗೆ ಪ್ರಣೀತ್ ಹೋಗಿ ಮಹದೇವನಾದ, ಮೇಘಶ್ರೀ ಹೋಗಿ ಸುಮತಿಯಾದಳು.

ಕಸುಬಿಗೆ ರಂಜಿತ ಯೋಚಿಸಿದ್ದು ದನದ ಡಾಕ್ಟರು. ಡಾಕ್ಟರಿಕೆ ಉಳಿಯುತ್ತದೆ, ಆಪರೇಷನ್ನೂ ಅಷ್ಟಿಷ್ಟು ಉಳಿಯುತ್ತದೆ. ಕಾರಿನ ಬದಲು ಸ್ಕೂಟರು. ಬೆಂಗಳೂರಿನ ದೊಡ್ಡ ಆಸ್ಪತ್ರೆಯ ಬದಲು ಬೆಳ್ಳೂರು ಕ್ರಾಸಿನ ಪಶು ಆಸ್ಪತ್ರೆ. ಕತೆಯನ್ನು ಮೊದಲಿನಿಂದ ಬರೆಯಬೇಕಾಯಿತು, ಮತ್ತು ದನಗಳ ವಿಷಯ ಅವಳಿಗೆ ಏನೂ ತಿಳಿದಿರಲಿಲ್ಲ.

ತಿಳಿದವನೊಬ್ಬ ಸಂಜೆ ಪಾಳಿಯಲ್ಲೇ ಇದ್ದ. ಮಹದೇವಸ್ವಾಮಿ, ಬೆಳ್ಳೂರಿನ ಪಶು ಆಸ್ಪತ್ರೆಯಲ್ಲಿ ಕಾಂಪೌಂಡರು. ಟೈಪಿಂಗ್ ಪರೀಕ್ಷೆ ಪಾಸಾದರೆ ಗುಮಾಸ್ತನ ಹುದ್ದೆ ಸಿಗುತ್ತದೆಂದು ಆರು ತಿಂಗಳಿಂದ ಬರುತ್ತಿದ್ದ. ಮೂವತ್ತರ ಆಸುಪಾಸು, ಕುಳ್ಳು, ಮಾತು ಕಡಿಮೆ. ಕೀಲಿಗಳನ್ನು ಎಮ್ಮೆಯ ಕೆಚ್ಚಲು ಮುಟ್ಟಿದಷ್ಟು ಹುಷಾರಾಗಿ ಒತ್ತುತ್ತಿದ್ದುದರಿಂದ ವೇಗ ಹದಿನಾರರ ಮೇಲೆ ಏರುತ್ತಲೇ ಇರಲಿಲ್ಲ. ರಂಜಿತ ಪಾಳಿ ಮುಗಿದ ಮೇಲೆ ಅವನನ್ನು ಕೂರಿಸಿಕೊಂಡು ಕೇಳತೊಡಗಿದಳು. ಕರು ಅಡ್ಡಡ್ಡ ಬಂದರೆ ಏನು ಮಾಡುತ್ತಾರೆ, ಹಸುವಿಗೆ ಹೊಟ್ಟೆಯುಬ್ಬರ ಬಂದರೆ ಹೇಗೆ ತಿಳಿಯುತ್ತದೆ, ಯಜಮಾನ ಅತ್ತರೆ ಏನು ಹೇಳುತ್ತಾರೆ. ಉಳಿದೆಲ್ಲ ವಿಷಯಕ್ಕೆ ಹೂಂ, ಉಹೂಂ ಅನ್ನುವವನು ಇದಕ್ಕೆ ಮಾತ್ರ ಗಂಟೆಗಟ್ಟಲೆ ಹೇಳುತ್ತಿದ್ದ. ಅಂಗಿಯ ತೋಳು ಭುಜದವರೆಗೆ ಮಡಚಿ, ಗಾಳಿಯಲ್ಲಿ ಕೈಯಾಡಿಸಿ, ಕರು ತಿರುಗಿಸುವುದನ್ನು ತೋರಿಸುತ್ತಿದ್ದ.

ಪುಸ್ತಕದ ಮಹದೇವ ನಿಧಾನವಾಗಿ ತೋಳು ಮಡಚತೊಡಗಿದ. ಅವನ ಮೈಯಿಂದ ಫಿನಾಯಿಲಿನ ವಾಸನೆ ಬರತೊಡಗಿತು, ಸುಮತಿಗೆ ಆ ವಾಸನೆ ಮಲ್ಲಿಗೆಗಿಂತ ಹಿತವೆನಿಸತೊಡಗಿತು. ರಂಜಿತಳಿಗೆ ಇದು ಗೊತ್ತಾಗಲಿಲ್ಲ. ಹಾಳೆಗಳನ್ನು ಹೊಡೆಯುತ್ತಿದ್ದ ಹುಡುಗಿಯರಿಗೆ ಮೂರನೇ ಪುಟಕ್ಕೇ ಗೊತ್ತಾಗಿತ್ತು. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಸುಮ್ಮನೆ ಹೊಡೆಯುತ್ತಿದ್ದರು.

ನಾಗರಾಜು ದಸರೆಗೆ ಮುಂಚೆ ಪುಸ್ತಕ ಬರಲೇಬೇಕೆಂದು ಅವಸರ ಮಾಡಿದ. ಕೊನೆಯ ನೂರೈವತ್ತು ಪುಟಗಳನ್ನು ಹೊಸದಾಗಿ ಬರೆಯಲು ಸಮಯ ಉಳಿಯಲಿಲ್ಲ. ಹಳೆಯ ಪ್ರತಿಯಲ್ಲೇ ಹೆಸರುಗಳನ್ನು ಬದಲಿಸಿ, 'ರೋಗಿ' ಇದ್ದಲ್ಲಿ 'ಎಮ್ಮೆ' ಹಾಕಿ ಎಂದು ರಂಜಿತ ಮಕ್ಕಳಿಗೆ ಹಂಚಿಬಿಟ್ಟಳು. ಅಷ್ಟರಲ್ಲಿ ಶಿವಲಿಂಗಯ್ಯನವರು ಕಣ್ಣಿನ ಪೊರೆ ತೆಗೆಸಿಕೊಂಡಿದ್ದರು. ಹಸಿರು ಬಟ್ಟೆ ಕಟ್ಟಿಕೊಂಡು ಮಲಗಿದ್ದರು. ತಿದ್ದುವವರಿಲ್ಲದೆ ಹಾಳೆಗಳು ನೇರ ಪ್ರೆಸ್ಸಿಗೆ ಹೋದವು.

ಪುಸ್ತಕ ಬಂತು. ರಕ್ಷಾಪುಟದಲ್ಲಿ ಒಬ್ಬ ಎತ್ತರದ ಯುವಕ, ಒಬ್ಬ ಯುವತಿ, ಇಬ್ಬರ ನಡುವೆ ಹಸು. ರಂಜಿತ ಬಾಗಿಲು ಹಾಕಿಕೊಂಡು ತನ್ನ ಹೆಸರನ್ನು ಹತ್ತು ಸಲ ನೋಡಿದಳು, ಆಮೇಲೆ ಒಳಗೆ ಓದಿದಳು.

ನೂರಾ ಅರವತ್ತನೇ ಪುಟದಲ್ಲಿ ಒಂಬತ್ತು ಗಂಟೆಯ ಆಪರೇಷನ್ ಮುಗಿದಿತ್ತು. ಎಮ್ಮೆ ಮೆಲ್ಲನೆ ಕಣ್ಣು ತೆರೆದು, 'ಡಾಕ್ಟರ್, ನಿಮ್ಮ ಋಣವನ್ನು ಹೇಗೆ ತೀರಿಸಲಿ' ಎಂದು ಕೈ ಮುಗಿಯಿತು. ಎಮ್ಮೆಯ ಹೆಂಡತಿ ಬಾಗಿಲಲ್ಲಿ ನಿಂತು ಕಣ್ಣೊರೆಸಿಕೊಂಡಳು. ಅದಕ್ಕಿಂತ ಕೆಟ್ಟದ್ದು ನೂರಾ ಹನ್ನೆರಡನೇ ಪುಟದಲ್ಲಿತ್ತು. ಅದನ್ನು ಹೊಡೆದವರು ಯಾರೋ ಕತೆಯಲ್ಲಿ ಮುಳುಗಿ ಹೆಸರು ಬದಲಿಸುವುದನ್ನೇ ಮರೆತಿದ್ದರು. ನೂರಾ ಹನ್ನೊಂದನೇ ಪುಟದ ಕೊನೆಯಲ್ಲಿ ಸುಮತಿ ಮಹದೇವನಿಗೆ ಹಬ್ಬದ ಹೋಳಿಗೆ ಬಡಿಸುತ್ತಿದ್ದಳು. ಪುಟ ಮಗುಚಿದರೆ ಪ್ರಣೀತ್ ಎಂಬವನು ಎಲ್ಲಿಂದಲೋ ಬಂದು ಅವಳನ್ನು ಬರಸೆಳೆದು ಅಪ್ಪಿಕೊಂಡಿದ್ದ, ಅವಳು ಕಣ್ಣು ಮುಚ್ಚಿದ್ದಳು. ನೂರಾ ಹದಿಮೂರರಲ್ಲಿ ಮತ್ತೆ ಮಹದೇವ ಕೂತು ಹೋಳಿಗೆ ತಿನ್ನುತ್ತಿದ್ದ.

ಇನ್ನು ಯಾರ ಮುಖವನ್ನೂ ನೋಡುವ ಹಾಗಿಲ್ಲ ಎಂದು ರಂಜಿತ ಎಣಿಸಿದಳು. ಹಾಗಾಗಲಿಲ್ಲ. ಪುಸ್ತಕ ಬಿಸಿ ದೋಸೆಯ ಹಾಗೆ ಖರ್ಚಾಯಿತು. ನಾಗರಾಜುವಿನ ಪ್ರೆಸ್ಸಿಗೆ ಚೀಲಗಟ್ಟಲೆ ಕಾಗದ ಬಂದವು, ಮುಕ್ಕಾಲು ಪಾಲು ಪ್ರಣೀತನ ಬಗ್ಗೆ. ಯಾರವನು? ಸುಮತಿಗೆ ಮೊದಲೇ ಗೊತ್ತಿದ್ದವನೇ? ಮಹದೇವನಿಗೆ ತಿಳಿದಿದೆಯೇ? ಶ್ರೀರಂಗಪಟ್ಟಣದ ಮಹಿಳಾ ಸಮಾಜದವರು ಈ ವಿಷಯ ಚರ್ಚಿಸಿ ಎರಡು ಬಣವಾಗಿದ್ದರು. ಅದು ಸುಮತಿಯ ಹಗಲುಗನಸು ಎಂದು ಒಂದು ಬಣ, ಹಗಲುಗನಸಾಗಿದ್ದರೆ ಅಷ್ಟು ವಿವರ ಇರುತ್ತಿರಲಿಲ್ಲ ಎಂದು ಇನ್ನೊಂದು ಬಣ. ಎಮ್ಮೆಯ ಬಗ್ಗೆ ಯಾರೂ ಆಕ್ಷೇಪ ಎತ್ತಲಿಲ್ಲ.

ದೀಪಾವಳಿಯ ಹಿಂದಿನ ವಾರ ಬೆಂಗಳೂರಿನಿಂದ ಒಂದು ಕಾರ್ಡು ಬಂತು. ಮೂರೇ ಸಾಲು. 'ನಿಮ್ಮ ಕಾದಂಬರಿ ಓದಿದೆ. ನೂರಾ ಹನ್ನೆರಡನೇ ಪುಟದಲ್ಲಿರುವ ವ್ಯಕ್ತಿ ನನಗೆ ಚೆನ್ನಾಗಿ ಪರಿಚಯ. ಬಂದು ನನ್ನನ್ನು ಕಾಣಿ.' ಕೆಳಗೆ ಲೇಖಕಿಯವರ ಸಹಿ.

ನಾಗರಾಜು ಕಾರ್ಡು ಓದಿ, ತನ್ನ ಅತ್ತೆಗೆ ಹುಷಾರಿಲ್ಲವೆಂದು ಕೆ.ಆರ್. ಪೇಟೆ ಬಸ್ಸು ಹತ್ತಿದವನು ಹದಿನೈದು ದಿನ ಪತ್ತೆಯಿರಲಿಲ್ಲ. ಶಿವಲಿಂಗಯ್ಯನವರು ಓಡಿಹೋಗುವವರಲ್ಲ. ಹೊಸ ಕನ್ನಡಕ ಹಾಕಿಕೊಂಡು ಯಂತ್ರದ ಮುಂದೆ ಕೂತು, 'ನಾನು, ಶಿವಲಿಂಗಯ್ಯ ಬಿನ್ ಲೇಟ್ ಬಸಪ್ಪ, ಈ ಮೂಲಕ ಸತ್ಯ ಪ್ರಮಾಣವಾಗಿ ಹೇಳುವುದೇನೆಂದರೆ' ಎಂದು ಆರಂಭಿಸಿ, ಲಾರಿಯ ಅಪಘಾತದಿಂದ ಹಿಡಿದು ಎಲ್ಲವನ್ನೂ ಮೂರು ಪ್ರತಿಯಲ್ಲಿ ಟೈಪು ಮಾಡಿದರು. ಅಪ್ಪ ಮಗಳು ಬೆಳಗಿನ ಬಸ್ಸು ಹಿಡಿದರು.

ಲೇಖಕಿಯವರಿಗೆ ಅರವತ್ತು ದಾಟಿತ್ತು. ಮಂಡಿಗೆ ಬಿಸಿ ನೀರಿನ ಚೀಲ ಇಟ್ಟುಕೊಂಡು ಕೂತಿದ್ದರು. ಶಿವಲಿಂಗಯ್ಯನವರು ನಿಂತುಕೊಂಡೇ ಹೇಳಿಕೆಯನ್ನು ಒಪ್ಪಿಸಿದರು. ಲೇಖಕಿಯವರು ಪೂರ್ತಿ ಓದಿದರು. ಎರಡನೇ ಹಾಳೆಗೆ ಬರುವಷ್ಟರಲ್ಲಿ ಭುಜ ಅಲುಗುತ್ತಿತ್ತು. ಅಳುತ್ತಿದ್ದಾರೆಂದು ರಂಜಿತ ಹೆದರಿದಳು. ಅವರು ನಗುತ್ತಿದ್ದರು.

ಲಾರಿ ತಮ್ಮ ಆಯ್ಕೆಯಾಗಿರಲಿಲ್ಲ ಎಂದರು ಅವರು. ಇನ್ನೂ ಹತ್ತು ಕಂತು ಬರೆಯುವ ಲೆಕ್ಕವಿತ್ತು. ಹೊಸ ಧಾರಾವಾಹಿಗೆ ಜಾಗ ಬೇಕು, ಈ ವಾರವೇ ಮುಗಿಸಿ ಎಂದು ಸಂಪಾದಕರು ಫೋನು ಮಾಡಿದ್ದರಂತೆ. ಒಂದೇ ಸಂಜೆಯಲ್ಲಿ ಮುಗಿಸಬೇಕಾದರೆ ಲಾರಿಗಿಂತ ಬೇರೆ ದಾರಿ ತೋರಲಿಲ್ಲ. ಅದಾದ ಮೇಲೆ ತಾವೂ ಎರಡು ದಿನ ಸರಿಯಾಗಿ ಊಟ ಮಾಡಿರಲಿಲ್ಲವಂತೆ.

ಆಮೇಲೆ ರಂಜಿತಳ ಕಡೆ ತಿರುಗಿ ಕೇಳಿದರು. "ಮೊದಲ ನೂರು ಪುಟದಲ್ಲಿರೋ ಹುಡುಗ ನನ್ನವನಲ್ಲ. ನನ್ನ ಪ್ರಣೀತ್ ಯಾವತ್ತೂ ತೋಳು ಮಡಚಿದವನಲ್ಲ. ಇವನನ್ನ ಎಲ್ಲಿಂದ ತಂದೆ?"

ರಂಜಿತ ಉತ್ತರ ಕೊಡಲು ಬಾಯಿ ತೆರೆದಳು. ಎಲ್ಲಿಂದ ತಂದೆನೆಂದು ಅವಳಿಗೆ ಆ ಕ್ಷಣದಲ್ಲಿ ಗೊತ್ತಾಯಿತು. ಮುಖ ಕೆಂಪೇರಿತು. ಲೇಖಕಿಯವರು ಮತ್ತೆ ಕೇಳಲಿಲ್ಲ, ಉಪ್ಪಿಟ್ಟು ತರಿಸಿದರು.

ಅವರು ಒಪ್ಪಿಗೆ ಕೊಟ್ಟರು. ಮುಂದಿನ ಮುದ್ರಣದಲ್ಲಿ ಕತೆಯ ಬೀಜ ಯಾರದೆಂದು ಮೊದಲ ಪುಟದಲ್ಲಿ ಹೇಳಬೇಕು; ಪ್ರಣೀತನನ್ನು ತೆಗೆಯಬೇಕು; ಕೊನೆಯ ನೂರೈವತ್ತು ಪುಟಗಳನ್ನು ಅವಳೇ ಹೊಸದಾಗಿ ಬರೆಯಬೇಕು. ಶಿವಲಿಂಗಯ್ಯನವರು ಅದನ್ನು ಅಲ್ಲೇ ಬರವಣಿಗೆಯಲ್ಲಿ ಪಡೆದು ಸಹಿ ಮಾಡಿಸಿಕೊಂಡರು. ಹೊರಡುವಾಗ ಲೇಖಕಿಯವರು ಇನ್ನೊಂದು ಷರತ್ತು ಸೇರಿಸಿದರು. "ಎಮ್ಮೆ ಕೈ ಮುಗಿದದ್ದನ್ನ ಮಾತ್ರ ತೆಗೀಬೇಡಿ."

ಊರಿಗೆ ಮರಳಿದಾಗ ಮಹದೇವಸ್ವಾಮಿ ಶಾಲೆಗೆ ಬರುವುದನ್ನು ನಿಲ್ಲಿಸಿ ವಾರವಾಗಿತ್ತು. ಚಿನ್ನು ಕಾರಣ ಹೇಳಿದಳು. ಬೆಳ್ಳೂರು ಕ್ರಾಸಿನ ಹೋಟೆಲಿನಲ್ಲಿ ಅವನಿಗೆ ಟೀ ಕೊಡುವವನು, ಸುಮತಿ ಚೆನ್ನಾಗವ್ಳಾ ಎಂದು ದಿನಾ ಕೇಳುತ್ತಿದ್ದನಂತೆ. ದನ ಹೊಡೆದುಕೊಂಡು ಬಂದವರು ದನ ತೋರಿಸುವ ಮುಂಚೆ, ಆ ಪ್ರಣೀತನ್ನ ಏನ್ಮಾಡ್ದಲಾ ಎಂದು ವಿಚಾರಿಸುತ್ತಿದ್ದರಂತೆ.

ರಂಜಿತ ಎರಡು ದಿನ ಒದ್ದಾಡಿದಳು. ಮೂರನೇ ದಿನ ಕ್ಷಮೆ ಕೇಳಿ ಬರುತ್ತೇನೆಂದು ಅಪ್ಪನಿಗೆ ಹೇಳಿ ಬೆಳ್ಳೂರಿಗೆ ಹೋದಳು. ಏನು ಹೇಳಬೇಕೆಂದು ಬಸ್ಸಿನಲ್ಲಿ ಕೂತು ಬಾಯಿಪಾಠ ಮಾಡಿಕೊಂಡಳು. ಮೂರು ವಾಕ್ಯ, ಮೂರೂ ಚೆನ್ನಾಗಿದ್ದವು.

ಡಾಕ್ಟರು ರಜೆಯಲ್ಲಿದ್ದರು. ಆಸ್ಪತ್ರೆಯ ಹಿಂದಿನ ಚಪ್ಪರದಲ್ಲಿ ಮಹದೇವಸ್ವಾಮಿ ಒಂದು ಸೀಮೆ ಹಸುವಿನ ಬಾಲದ ಬಳಿ, ಭುಜದವರೆಗೆ ಕೈಯನ್ನು ಒಳಗೆ ಹಾಕಿ ನಿಂತಿದ್ದ. ಹಸುವಿನ ಯಜಮಾನ ಕರಿಯಯ್ಯ ಮೂಗುದಾರ ಹಿಡಿದು ಅಳುತ್ತಿದ್ದ. ರಂಜಿತಳನ್ನು ಕಂಡು ಮಹದೇವಸ್ವಾಮಿ ಗಾಬರಿಯಾದ, ಆದರೆ ಕೈ ತೆಗೆಯುವ ಹಾಗಿರಲಿಲ್ಲ.

"ಆ ಅಗ್ಗ ಇಡ್ಕೊಳಿ," ಅಂದ. "ನಾನು ಎಳೀರಿ ಅಂದಾಗ ಎಳೀರಿ. ಜೋರಾಗಲ್ಲ, ಒಂದೇ ಸಮ್ನೆ."

ಅವಳು ಹಗ್ಗ ಹಿಡಿದಳು. ಅರ್ಧ ಗಂಟೆ ಹಿಡಿಯಿತು. ಪುಸ್ತಕದಲ್ಲಿ ಅವಳು ಇದನ್ನು ಒಂದು ಪ್ಯಾರಾದಲ್ಲಿ ಮುಗಿಸಿದ್ದಳು. ಕರು ಒಮ್ಮೆಗೇ ಜಾರಿ ಬಂದಾಗ ಅವಳು ಹಿಂದಕ್ಕೆ ಬಿದ್ದು, ಸೀರೆಯೆಲ್ಲ ಸಗಣಿ, ಗಂಜಲವಾಯಿತು. ಕರಿಯಯ್ಯ ಇಬ್ಬರಿಗೂ ಕೈ ಮುಗಿದು, ಹಸುವನ್ನು ನೆಕ್ಕಲು ಬಿಟ್ಟು, ಬೀಡಿ ತರಲು ಹೋದ.

ಮಹದೇವಸ್ವಾಮಿ ತೊಟ್ಟಿಯ ನೀರಿನಲ್ಲಿ ಕೈ ತೊಳೆಯುತ್ತಿದ್ದ. ಬಾಯಿಪಾಠ ಮಾಡಿದ ಮೂರು ವಾಕ್ಯದಲ್ಲಿ ಒಂದೂ ಅವಳಿಗೆ ನೆನಪಾಗಲಿಲ್ಲ. ಜನ ಆಡಿಕೊಳ್ಳುವ ಹಾಗೆ ಮಾಡಿಬಿಟ್ಟೆ, ತಪ್ಪಾಯಿತು, ಎಂದು ಹೇಗೋ ಹೇಳಿದಳು.

"ಜನ ಅನ್ಲಿ ಬುಡಿ, ಅದಕ್ಕಲ್ಲ ನಾನು ಶಾಲೆಗೆ ಬರ್ದೆ ಇದ್ದಿದ್ದು," ಅಂದ ಅವನು, ಬೆನ್ನು ತಿರುಗಿಸಿಕೊಂಡೇ. "ಪುಸ್ತಕದಲ್ಲಿರೋನು ನಾನಲ್ಲ ಅಂತ ನಂಗೂ ಗೊತ್ತು. ನಾನೇ ಆಗಿದ್ರೆ ಚೆಂದಾಗಿರ್ತಿತ್ತು ಅನ್ನಿಸ್ಬುಡ್ತು. ಅಂಗನ್ನಿಸಿದ್ಮೇಲೆ ನಿಮ್ಮೆದುರ್ಗೆ ಕುಂತ್ಕಂಡು ಟೈಪು ಒಡಿಯಾದೆಂಗೆ?"

ಕರು ಎದ್ದು ನಿಲ್ಲಲು ಹೋಗಿ ಮುಗ್ಗರಿಸಿತು. ಇಬ್ಬರೂ ಅದನ್ನೇ ನೋಡಿದರು.

"ನೀವೇ," ಅಂದಳು ಕೊನೆಗೆ. "ಬರೆಯೋವಾಗ ನಂಗೆ ಗೊತ್ತಿರ್ಲಿಲ್ಲ. ಬೆಂಗಳೂರಲ್ಲಿ ಗೊತ್ತಾಯ್ತು."

ಅವನು ತಿರುಗಿ ನೋಡಿದ. ಅವಳ ಕೆನ್ನೆಗೆ ಸಗಣಿ ಮೆತ್ತಿಕೊಂಡಿತ್ತು. ಅದನ್ನು ಹೇಳುವುದೋ ಬೇಡವೋ ಎಂದು ಅವನು ಸ್ವಲ್ಪ ಹೊತ್ತು ಯೋಚಿಸಿ, ಹೇಳದೆ, ಒಂದು ಚೆಂಬು ನೀರು ತುಂಬಿ ಅವಳ ಕೈಗೆ ಕೊಟ್ಟ.

ತೊಂಬತ್ತೈದರ ವೈಶಾಖದಲ್ಲಿ ಮದುವೆಯಾಯಿತು. ಲಗ್ನಪತ್ರಿಕೆಯನ್ನು ನಾಗರಾಜುವೇ ಅಚ್ಚು ಹಾಕಿದ. ಶಿವಲಿಂಗಯ್ಯನವರು ಕರಡನ್ನು ನಾಲ್ಕು ಸಲ ತಿದ್ದಿದರು. ಪುಸ್ತಕದ ಎರಡನೇ ಮುದ್ರಣವೂ ಅದೇ ತಿಂಗಳು ಹೊರಬಂದಿತ್ತು. ವ್ಯಾಪಾರಕ್ಕೆ ಅನುಕೂಲವಾಗಲೆಂದು ನಾಗರಾಜು ಪ್ರತಿಯೊಂದು ಪುಸ್ತಕದೊಳಗೂ ಒಂದೊಂದು ಲಗ್ನಪತ್ರಿಕೆ ಇಟ್ಟು ಕಳಿಸಿದ್ದ. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ.

ಮುಹೂರ್ತದ ಹೊತ್ತಿಗೆ ನಾಗಮಂಗಲದ ಛತ್ರದ ಮುಂದೆ ನಿಂತ ಬಸ್ಸುಗಳಿಂದ ಹೆಂಗಸರು ಇಳಿಯತೊಡಗಿದರು. ಪಾಂಡವಪುರದವರು, ಕೆ.ಆರ್. ಪೇಟೆಯವರು, ಬೆಳಗೊಳದ ಶಾಲೆಯ ಮೇಡಂ. ಯಾರೂ ನೆಂಟರಲ್ಲ, ಎಲ್ಲರೂ ಮಹದೇವನನ್ನು ಕಣ್ಣಾರೆ ನೋಡಲು ಬಂದವರು. ಶಿವಲಿಂಗಯ್ಯನವರು ಅಡುಗೆಯವರ ಬಳಿಗೆ ಓಡಿ ಇನ್ನೆರಡು ಕೊಪ್ಪರಿಗೆ ಅನ್ನಕ್ಕೆ ಹೇಳಿದರು. ಹೆಂಗಸರು ಸಾಲಾಗಿ ಮಂಟಪದ ಮುಂದೆ ಬಂದು ವರನನ್ನು ಮೇಲಿಂದ ಕೆಳಗೆ ನೋಡಿದರು. ಎಷ್ಟೋ ಮುಖಗಳಲ್ಲಿ ನಿರಾಸೆ ಮುಚ್ಚಿಡಲಾಗದಷ್ಟು ಕಾಣುತ್ತಿತ್ತು. ಇವನು ಮೂರು ಅಂಗುಲವಾದರೂ ಕಡಿಮೆ ಇದ್ದಾನೆ ಎಂದು ಮೇಡಂ ಪಕ್ಕದವರ ಕಿವಿಯಲ್ಲಿ ಹೇಳಿದ್ದು ಮೊದಲ ಸಾಲಿಗೆಲ್ಲ ಕೇಳಿಸಿತು. ಮಹದೇವಸ್ವಾಮಿ ಬಾಸಿಂಗದ ಕೆಳಗೆ ಬೆವರುತ್ತಿದ್ದ.

ಕೊನೆಗೆ ಬಂದವಳು ಮಂಚಮ್ಮ. ಪಾಂಡವಪುರದ ಕಡೆಯ ಮುದುಕಿ, ಓದು ಬಾರದವಳು, ಸೊಸೆಯಿಂದ ಓದಿಸಿ ಕೇಳಿದ್ದವಳು. ಹಾರದ ಮೇಲೆ ಕೈಯಿಟ್ಟು ವರನ ಮುಖವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ರಂಜಿತಳ ಕಡೆ ವಾಲಿ, "ಪುಸ್ತಕದಾಗಿರೋನು ವಸಿ ಜಾಸ್ತಿ ಮಾತಾಡ್ತಿದ್ದ ಕಣವ್ವ," ಅಂದಳು. "ಇವ್ನೇ ವಾಸಿ." ಅಕ್ಕಿಕಾಳು ಹಾಕಿ, ಸೊಸೆಯ ಕೈ ಹಿಡಿದುಕೊಂಡು, ಎರಡನೇ ಪಂಕ್ತಿಗೆ ಜಾಗ ಹಿಡಿಯಲು ಹೋದಳು.